ವಾಸನೆ ಹತ್ತುತ್ತಿಲ್ಲ, ಸ್ಕ್ಯಾನ್ ಮಾಡಿಸಲೇ?

ಓದುಗರೊಬ್ಬರ ಪತ್ರ: "ವಾಸನೆ ತಿಳಿಯದಿರುವುದು ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ ಎಂದು ಕಳೆದ ಸಂಚಿಕೆಯಲ್ಲಿ ಓದಿದಂದಿನಿಂದ ನನಗೆ ನಿದ್ದೆಯಿಲ್ಲ. ನಮ್ಮ ಯಜಮಾನರಿಗೆ 61 ವರ್ಷ. ಎರಡು ವರ್ಷದಿಂದ ಮೂಗಿಗೆ ಏನೂ ಹತ್ತುವುದಿಲ್ಲ. ಮೊನ್ನೆ ಹಾಲು ಸೀದು ಮನೆಯೆಲ್ಲ ವಾಸನೆ ತುಂಬಿದರೂ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಕುಳಿತಿದ್ದರು. ಎಂಆರ್‌ಐ ನಾರ್ಮಲ್ ಬಂದಿದೆ. ಇನ್ನೊಂದು ದೊಡ್ಡ ಸ್ಕ್ಯಾನ್ ಇದೆಯಂತಲ್ಲ, ಅದನ್ನೂ ಮಾಡಿಸಲೇ?"

ಸೋದರಿ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಪಾರ್ಕಿನ್ಸನ್ ಬಂದವರಲ್ಲಿ ಹೆಚ್ಚಿನವರಿಗೆ ವಾಸನೆ ಕುಂದಿರುತ್ತದೆ ಎಂದು ಬರೆದೆವು. ವಾಸನೆ ಕುಂದಿದವರಲ್ಲಿ ಹೆಚ್ಚಿನವರಿಗೆ ಪಾರ್ಕಿನ್ಸನ್ ಬರುವುದೇ ಇಲ್ಲ ಎಂಬುದನ್ನು ಬರೆಯದೆ ಬಿಟ್ಟೆವು. ನಿಮ್ಮ ನಿದ್ದೆ ಕೆಡಿಸಿದ್ದು ಆ ಬಿಟ್ಟ ಮಾತು. ಸೈನಸ್, ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು (ಪಾಲಿಪ್), ಕೋವಿಡ್, ತಲೆಗೆ ಬಿದ್ದ ಪೆಟ್ಟು, ಬೀಡಿ ಸಿಗರೇಟು, ಬರೀ ವಯಸ್ಸು, ಯಾವುದರಿಂದಲೂ ವಾಸನೆ ಹೋಗಬಹುದು. ಆದ್ದರಿಂದ ಮೊದಲು ತೋರಿಸಬೇಕಾದದ್ದು ಕಿವಿ-ಮೂಗು-ಗಂಟಲು ತಜ್ಞರಿಗೆ.

ಹಾಗೆಂದು ನಂಟು ಸುಳ್ಳಲ್ಲ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಕಣ್ಣಿಗೆ ಬಿದ್ದದ್ದು ನಡುಕ, ಬಾಗಿದ ಮೈ, ಮುಗ್ಗರಿಸುವ ನಡಿಗೆ. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು, ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿ ಬೇರೆಯೇ ಚಿತ್ರ ಮುಂದಿಟ್ಟರು. ಆಲ್ಫಾ-ಸೈನುಕ್ಲೀನ್ ಎಂಬ ಪ್ರೋಟೀನ್ ಗಂಟುಕಟ್ಟುವುದು ಮೊದಲು ವಾಸನೆ ಗ್ರಹಿಸುವ ಭಾಗದಲ್ಲಿ ಮತ್ತು ಮಿದುಳ ಕಾಂಡದ ಕೆಳತುದಿಯಲ್ಲಿ. ಮೈಯ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳ ಸರದಿ ಆಮೇಲೆ, ನಡುಕ ಶುರುವಾಗುವುದು ಇವು ಸವೆದಾಗ. ಎಲ್ಲರಲ್ಲೂ ಇದೇ ಕ್ರಮ ಎಂದಲ್ಲ. ಆದರೆ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಮೂಗು ಸೋಲುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಈಗ ಸ್ಕ್ಯಾನಿನ ವಿಷಯ. ಸಾಮಾನ್ಯ ಎಂಆರ್‌ಐ ತೋರಿಸುವುದು ಮಿದುಳಿನ ಆಕಾರವನ್ನು. ಪಾರ್ಕಿನ್ಸನ್ ಇದ್ದವರಲ್ಲೂ ಅದು ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ. ನೀವು ಕೇಳಿದ್ದು ಡ್ಯಾಟ್ ಸ್ಕ್ಯಾನ್ ಇರಬೇಕು. ಅಲ್ಪ ವಿಕಿರಣವುಳ್ಳ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಮೂರರಿಂದ ಆರು ಗಂಟೆ ಕಾಯಿಸಿ, ತಲೆಯ ಸುತ್ತ ಕ್ಯಾಮೆರಾ ತಿರುಗಿಸುತ್ತಾರೆ. ಡೋಪಮೈನ್ ನರತುದಿಗಳು ಚೆನ್ನಾಗಿದ್ದರೆ ಚಿತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಹೊಳೆಯುವ ಅಲ್ಪವಿರಾಮ ಕಾಣುತ್ತದೆ. ಅವು ಸವೆದಂತೆ ಬಾಲ ಮಸುಕಾಗಿ, ಉಳಿಯುವುದು ಪೂರ್ಣವಿರಾಮದಂಥ ಚುಕ್ಕಿ. ದಿನವಿಡೀ ಪ್ರೂಫ್ ತಿದ್ದುವ ನನಗೆ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ನೋಡಿದಾಗ ಮನಸ್ಸು ಭಾರವಾಯಿತು.

ಪಾರ್ಕಿನ್ಸನ್ ಬರುವ ಅಪಾಯವನ್ನು ಮುಂಚೆಯೇ ಗುರುತಿಸಬಹುದೇ ಎಂದು ನೋಡಿದ, 2017ರಲ್ಲಿ ಪ್ರಕಟವಾದ ಪಾರ್ಸ್ ಎಂಬ ಅಧ್ಯಯನದಲ್ಲಿ, ವಾಸನೆಯೂ ಕುಂದಿ ಈ ಸ್ಕ್ಯಾನಿನಲ್ಲೂ ಕೊರತೆ ಕಂಡವರ ಪೈಕಿ ಸುಮಾರು 67 ಶೇಕಡಾ ಮಂದಿಗೆ ನಾಲ್ಕು ವರ್ಷಗಳಲ್ಲಿ ಪಾರ್ಕಿನ್ಸನ್ ಬಂತು. ಭಯಪಡಿಸುವ ಅಂಕಿಯೇ. ಆದರೆ ವಾಸನೆ ಕುಂದಿದ್ದವರಲ್ಲಿ ಅಂಥ ಕೊರತೆ ಕಂಡದ್ದು ಕೆಲವರಿಗೆ ಮಾತ್ರ, ಸ್ಕ್ಯಾನ್ ಸರಿಯಿದ್ದವರಲ್ಲಿ ಕಾಯಿಲೆ ಬಂದದ್ದು ತೀರಾ ಅಪರೂಪ.

ಹಾಗಾದರೆ ಮಾಡಿಸಿಬಿಡೋಣ ಎನ್ನುತ್ತೀರಿ. ಬೇಡ ಎಂಬುದೇ ನನ್ನ ಅಭಿಪ್ರಾಯ, ಸದ್ಯಕ್ಕೆ. ಕೊರತೆ ಕಂಡಿತು ಎನ್ನಿ. ಕಾಯಿಲೆಯನ್ನು ಬರದಂತೆ ತಡೆಯುತ್ತದೆ ಎಂದು ಸಾಬೀತಾದ ಔಷಧ ಇನ್ನೂ ಇಲ್ಲ. ಕೈಯಲ್ಲಿ ಉಳಿಯುವುದು ಕಾಯುವ ಸಂಕಟ ಒಂದೇ. ಅದರ ಬದಲು ಅವರನ್ನು ಗಮನಿಸಿ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುತ್ತಾರೆಯೇ, ಒದೆಯುತ್ತಾರೆಯೇ? ವರ್ಷಗಳಿಂದ ಮಲಬದ್ಧತೆ ಇದೆಯೇ? ನಡೆಯುವಾಗ ಒಂದು ಕೈ ಬೀಸದೆ ಅಂಟಿಕೊಂಡಿರುತ್ತದೆಯೇ? ಬರವಣಿಗೆ ಸಾಲು ಸಾಗಿದಂತೆ ಸಣ್ಣದಾಗುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ನರರೋಗ ತಜ್ಞರ ಬಳಿ ಕರೆದೊಯ್ಯಿರಿ. ಸ್ಕ್ಯಾನ್ ಬೇಕೋ ಬೇಡವೋ ಅವರು ಹೇಳಲಿ. ಯಾವುದೂ ಇಲ್ಲದಿದ್ದರೂ ದಿನಾ ಚುರುಕಾಗಿ ನಡೆಯುವುದನ್ನು ರೂಢಿಸಲಿ.

ಇನ್ನೊಂದು ಮಾತು, ಇದನ್ನು ಮಾತ್ರ ಮುಂದೂಡಬೇಡಿ. ಹಾಲು ಸೀದದ್ದು ತಿಳಿಯದವರಿಗೆ ಗ್ಯಾಸ್ ಸೋರಿದ್ದೂ ತಿಳಿಯುವುದಿಲ್ಲ. ನೀವು ಮನೆಯಲ್ಲಿಲ್ಲದ ಹೊತ್ತಿಗೆ ಅವರು ಒಲೆ ಹಚ್ಚುವುದಿದ್ದರೆ, ಅಡುಗೆಮನೆಗೆ ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ಈ ವಾರವೇ ಹಾಕಿಸಿ.

- ಸಂ.