ಚೂಪು ಮೂಲೆಯ ಗಿಟಾರಿನ ಮೇಲೆ ಆಸೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಇದೇ ಪುಟದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಬಗ್ಗೆ ಎರಡು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ತಿರುಗಿದವು. ವಿ ಆಕಾರದ ಗಿಟಾರ್, ನಕ್ಷತ್ರದ ಹಾಗಿರುವ ಗಿಟಾರ್, ಮಿಂಚಿನ ಹಾಗಿರುವ ಗಿಟಾರ್. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಣ್ಣಾ, ನಾನು ಕುಂಬಳೆಯವನು. ಡಿಗ್ರಿ ಎರಡನೇ ವರ್ಷ. ರಾಕ್, ಮೆಟಲ್ ಕೇಳುವುದೇ ಜಾಸ್ತಿ. ಆ ಬ್ಯಾಂಡುಗಳಲ್ಲಿ ಎಷ್ಟೋ ಜನ ಬಾಣದ ಹಾಗೆ, ಕೊಡಲಿಯ ಹಾಗೆ ಇರುವ ಗಿಟಾರ್ ಹಿಡಿದಿರುತ್ತಾರೆ. ಅಪ್ಪನಿಗೆ ಒಂದು ವಿಡಿಯೋ ತೋರಿಸಿದೆ. "ಇದೆಲ್ಲ ಬರೀ ಶೋಕಿ, ನುಡಿಸ್ಲಿಕ್ಕೆ ಬರುವವನಿಗೆ ಇದ್ಯಾಕೆ?" ಅಂದರು. ಆಕಾರದಿಂದ ಸ್ವರ ಬದಲಾಗುತ್ತದಾ? ಇಲ್ಲ ಅಂದರೆ ಅವರು ಯಾಕೆ ಅದನ್ನೇ ಹಿಡಿಯುತ್ತಾರೆ?

ಉತ್ತರ: ಮೊದಲು ಸ್ವರದ ಮಾತು ಮುಗಿಸೋಣ. ನಮ್ಮ ಚೆಂಡೆ ನೋಡಿ, ವೀಣೆ ನೋಡಿ. ಅವುಗಳ ಹೊಟ್ಟೆ ಟೊಳ್ಳು. ಒಳಗಿನ ಗಾಳಿ ಅದುರಿದರೆ ಮಾತ್ರ ನಾದ. ಆಕಾರ ಕೆಡಿಸಿದರೆ ನಾದ ಕೆಡುತ್ತದೆ. ಮರದ ಸಾದಾ ಗಿಟಾರೂ ಹಾಗೇ. ಎಲೆಕ್ಟ್ರಿಕ್ ಗಿಟಾರ್ ಬೇರೆ ಜಾತಿ. ಅದರ ತಂತಿಯ ಕೆಳಗೆ ಪಿಕಪ್ ಅಂತ ಒಂದು ಸಣ್ಣ ಪೆಟ್ಟಿಗೆ ಇರುತ್ತದಲ್ವಾ, ಅದರಲ್ಲಿ ಮ್ಯಾಗ್ನೆಟ್ ಇಟ್ಟು ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅದುರಿದಾಗ ಅಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಮರದ ಕೆಲಸ ಮುಖ್ಯವಾಗಿ ತಂತಿಯನ್ನು ಬಿಗಿಯಾಗಿ ಹಿಡಿದು ನಿಲ್ಲುವುದು. ಸ್ವರದಲ್ಲಿ ದೊಡ್ಡ ಪಾಲು ಪಿಕಪ್ಪಿನದು, ಆಂಪಿನದು, ಎಲ್ಲಕ್ಕಿಂತ ಜಾಸ್ತಿ ನುಡಿಸುವವನ ಕೈಯದು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್‌ನವರು ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರ್ ನೋಡಿದರೆ ಕಾವಲಿಗೆ ಉದ್ದದ ಹಿಡಿ ಹಾಕಿದ ಹಾಗಿತ್ತು. ಅದನ್ನು ಜನ ಫ್ರೈಯಿಂಗ್ ಪ್ಯಾನ್ ಅಂತಲೇ ಕರೆದರು. ಅಂದರೆ ಶುರುವಿನಲ್ಲೇ ಗೊತ್ತಾಗಿತ್ತು, ಇದಕ್ಕೆ ಹೊಟ್ಟೆ ಬೇಕಾಗಿಲ್ಲ ಅಂತ. ಹೊಟ್ಟೆ ಬೇಡ ಅಂದ ಮೇಲೆ ಸೊಂಟವೂ ಬೇಡ, ಭುಜವೂ ಬೇಡ. ಯಾವ ಆಕಾರಕ್ಕೂ ಕೊಯ್ಯಬಹುದು.

ಆದರೂ ಸುಮಾರು ಕಾಲ ಯಾರೂ ಅಷ್ಟು ಧೈರ್ಯ ಮಾಡಲಿಲ್ಲ. ಗಿಟಾರ್ ಮಾಡುವವರಲ್ಲಿ ಗಿಬ್ಸನ್ ಹಳೇ ಕಂಪನಿ, ಫೆಂಡರ್ ಹೊಸಬರು. ಗಿಬ್ಸನ್‌ನವರದು ಹಳೇ ಕಾಲದ ಮಾಲು ಅನ್ನುವ ಮಾತು ಹುಟ್ಟಿಕೊಂಡಿತ್ತು. ಆಗ ಅದರ ಅಧ್ಯಕ್ಷ ಟೆಡ್ ಮೆಕಾರ್ಟಿ. 1958ರಲ್ಲಿ ಅವರ ಕಾಲದಲ್ಲೇ ವಿ ಆಕಾರದ ಫ್ಲೈಯಿಂಗ್ ವಿ ಮತ್ತು ಚೂಪು ಮೂಲೆಗಳ ಎಕ್ಸ್‌ಪ್ಲೋರರ್ ಹೊರಬಂದವು. ಅಮೆರಿಕದಲ್ಲಿ ಅದು ರಾಕೆಟ್ಟಿನ ಕಾಲ, ಕಾರಿನ ಹಿಂಬದಿಗೂ ರೆಕ್ಕೆ ಇಟ್ಟ ಕಾಲ. ಅದೇ ಗಾಳಿ ಗಿಟಾರಿಗೂ ಬೀಸಿತು. ಆದರೆ ಅಂಗಡಿಯಲ್ಲಿ ಜನ ನೋಡಿ ಮುಂದೆ ಹೋದರು. ಫ್ಲೈಯಿಂಗ್ ವಿ ಮೊದಲ ಎರಡು ವರ್ಷ ಸೇರಿದರೂ ನೂರು ಹೋಗಲಿಲ್ಲ. ಎಕ್ಸ್‌ಪ್ಲೋರರ್ ಅದಕ್ಕಿಂತಲೂ ಕಮ್ಮಿ. ಆಗ ಬೇಡವಾಗಿದ್ದ ಆ ಗಿಟಾರುಗಳೇ ಇವತ್ತು ಸಂಗ್ರಹ ಮಾಡುವವರ ನಡುವೆ ಕೋಟಿ ರೂಪಾಯಿ ದಾಟುತ್ತವೆ.

ವಿ ಆಕಾರವನ್ನು ಮೊದಲು ಕೈಹಿಡಿದವರಲ್ಲಿ ಬ್ಲೂಸ್ ನುಡಿಸುವವರಿದ್ದರು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಆಲ್ಬರ್ಟ್ ಕಿಂಗ್ ಎಡಗೈಯವರು. ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದರು. ಸಾಮಾನ್ಯ ಗಿಟಾರನ್ನು ಹಾಗೆ ತಿರುಗಿಸಿದರೆ ಬೆರಳಿಗೆ ಜಾಗ ಬಿಡಲು ಕೊರೆದ ಕಡೆ ಮೇಲೆ ಹೋಗುತ್ತದೆ, ಕೈಗೆ ಅಡ್ಡ ಬರುತ್ತದೆ. ವಿ ಆಕಾರಕ್ಕೆ ಎರಡೂ ಕಡೆ ಒಂದೇ ಸಮ. ತಿರುಗಿಸಿದರೂ ವಿ ವಿ-ಯೇ. ಜಿಮಿ ಹೆಂಡ್ರಿಕ್ಸ್ ಕೂಡ ಎಡಗೈಯವರು, ಅವರ ಹತ್ತಿರವೂ ಫ್ಲೈಯಿಂಗ್ ವಿ ಇತ್ತು, 1967ರ ಒಂದಕ್ಕೆ ತಾವೇ ಬಣ್ಣ ಬಳಿದು ಚಿತ್ರ ಬರೆದಿದ್ದರು. ಹಾಗಾಗಿ ಇದು ಬರೀ ಶೋಕಿ ಅಂತ ಹೇಳುವುದು ಸರಿಯಲ್ಲ. ಇನ್ನೊಂದು ಅನುಕೂಲ ಇದೆ. ವಿ ಗಿಟಾರಿನಲ್ಲಿ ನೆಕ್, ಅಂದರೆ ಬೆರಳು ಒತ್ತುವ ಉದ್ದದ ಹಿಡಿ, ಕೊನೆಯಾಗುವ ಜಾಗದಲ್ಲಿ ಅಡ್ಡ ಬರುವ ಮರವೇ ಇಲ್ಲ. ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಕೊನೆಯದರ ತನಕ ಬೆರಳು ಸಲೀಸಾಗಿ ಹೋಗುತ್ತದೆ. ವೇಗವಾಗಿ ಸೋಲೋ ನುಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ಕಣ್ಣಿಗೆ ಕಾಣುವ ಕಾರಣ. ಅದನ್ನೂ ನಾನು ಕೀಳು ಅನ್ನುವುದಿಲ್ಲ. ನೀವು ಕುಂಬಳೆಯವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು. ಬಣ್ಣದ ವೇಷದ ಕಿರೀಟ ಯಾಕೆ ಅಷ್ಟು ದೊಡ್ಡದು ಅಂತ ಅಪ್ಪನ ಹತ್ತಿರವೇ ಕೇಳಿ. ಹಿಂದಿನ ಕಾಲದಲ್ಲಿ ದೊಂದಿ ಬೆಳಕಿನಲ್ಲಿ, ಗದ್ದೆಯ ಆ ತುದಿಯಲ್ಲಿ ಚಾಪೆ ಹಾಸಿ ಕೂತವನಿಗೂ ತೆರೆಯ ಹಿಂದಿನಿಂದ ರಾವಣ ಬಂದದ್ದು ಗೊತ್ತಾಗಬೇಕು. ಮುಖದ ಬಣ್ಣ ಅಷ್ಟು ದೂರಕ್ಕೆ ಕಾಣುವುದಿಲ್ಲ. ಕಿರೀಟದ ಅಂಚು ಕಾಣುತ್ತದೆ. ವೇಷ ಇದೆ ಅಂತ ಅರ್ಥಗಾರಿಕೆ ಕಮ್ಮಿ ಅಂತ ನಮ್ಮಲ್ಲಿ ಯಾರಾದರೂ ಹೇಳುತ್ತಾರಾ? 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡ್ ನುಡಿಸಿದಾಗ ನಾನು ಕಾಸರಗೋಡಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ನಿಂತದ್ದು ತುಂಬಾ ಹಿಂದೆ. ಅಲ್ಲಿಂದ ಆ ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅವರ ಮುಖ ಒಂದು ಚುಕ್ಕೆ. ಆದರೆ ಹಿಂದಿನಿಂದ ಬೆಳಕು ಬಿದ್ದಾಗ ಕಾಲು ಅಗಲಿಸಿ ನಿಂತ ಒಬ್ಬ ಮನುಷ್ಯ, ಅವನ ಸೊಂಟದಿಂದ ಓರೆಯಾಗಿ ಚಾಚಿದ ಚೂಪು ಮೂಲೆಯ ಗಿಟಾರ್, ಅದಷ್ಟು ಕಂಡಿತು. ಯಾರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವತ್ತು ನನಗೆ ಬಣ್ಣದ ವೇಷದ ಒಡ್ಡೋಲಗ ನೆನಪಾಯಿತು, ಈಗಲೂ ಎರಡನ್ನೂ ಒಟ್ಟಿಗೇ ನೆನೆಯುತ್ತೇನೆ.

ಹಿಡಿದವನ ಒಳಗೂ ಏನೋ ಆಗುತ್ತದೆ. ಚೌಕಿಯಲ್ಲಿ ಮೆತ್ತಗೆ ಮಾತಾಡುತ್ತಿದ್ದ ಕಲಾವಿದ ಕಿರೀಟ ಕಟ್ಟಿದ ಮೇಲೆ ಬೇರೆಯೇ ಆಗುವುದನ್ನು ನೀವೂ ನೋಡಿರಬಹುದು. ರ‍್ಯಾಂಡಿ ರೋಡ್ಸ್ ಅಂತ ಒಬ್ಬ ರಾಕ್ ಗಿಟಾರ್ ವಾದಕ, ಸಣ್ಣ ದೇಹದ ಹುಡುಗ. 1980ರ ಕೊನೆಗೆ ಗಿಟಾರ್ ಮಾಡುವ ಗ್ರೋವರ್ ಜಾಕ್ಸನ್ ಹತ್ತಿರ ಹೋಗಿ ತನಗೆ ಬೇಕಾದ ಗಿಟಾರಿನ ಯೋಚನೆ ಹೇಳಿದ. ಆಮೇಲೆ ಬಂದದ್ದು ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ ಇರುವ ವಿ. 1982ರ ಮಾರ್ಚಿನಲ್ಲಿ ವಿಮಾನ ಅಪಘಾತದಲ್ಲಿ ಅವನು ತೀರಿಕೊಂಡಾಗ ವಯಸ್ಸು 25. ಆ ಗಿಟಾರ್ ಇನ್ನೂ ಅವನ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಶಾಸ್ತ್ರೀಯ ಗಿಟಾರನ್ನು ಶ್ರದ್ಧೆಯಿಂದ ಕಲಿಯುತ್ತಿದ್ದವನು ಅವನು. ನುಡಿಸಲು ಬರುವವನಿಗೆ ಇದ್ಯಾಕೆ ಅಂತ ಅಪ್ಪ ಕೇಳಿದರಲ್ವಾ, ಅವರಿಗೆ ರೋಡ್ಸ್ ನುಡಿಸಿದ್ದನ್ನು ಕೇಳಿಸಿ.

ಪ್ರಶ್ನೆ: ನಾನು ಉಪ್ಪಳದವಳು. ಗಿಟಾರ್ ಕಲಿಯುವುದು ಈಗಷ್ಟೇ ಶುರು. ಗಲ್ಫ್‌ನಲ್ಲಿರುವ ಅಣ್ಣ ದುಡ್ಡು ಕಳಿಸಿದ್ದಾನೆ. ನನಗೆ ವಿ ಗಿಟಾರೇ ಬೇಕು. ಕ್ಲಾಸಿನ ಸರ್ "ಮೊದಲಿಗೆ ಅದು ಬೇಡ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸರ್ ಹೇಳುವುದರಲ್ಲಿ ನಿಜ ಇದೆ. ವಿ ಗಿಟಾರನ್ನು ಸಾಮಾನ್ಯ ಗಿಟಾರಿನ ಹಾಗೆ ತೊಡೆಯ ಮೇಲೆ ಇಟ್ಟರೆ ಜಾರುತ್ತದೆ. 1958ರಲ್ಲೇ ಕಂಪನಿಯವರಿಗೆ ಇದು ಗೊತ್ತಿತ್ತು, ಅದಕ್ಕೇ ಕೆಳಗಿನ ಅಂಚಿಗೆ ಒಂದು ರಬ್ಬರ್ ಪಟ್ಟಿ ಅಂಟಿಸಿದ್ದರು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವ ಅಭ್ಯಾಸ ಇದ್ದರೆ ಇದು ಆಗುವ ಕೆಲಸ ಅಲ್ಲ. ಆದರೆ ದಾರಿ ಇದೆ. ಕುರ್ಚಿಯಲ್ಲಿ ಕೂತು ಎರಡು ರೆಕ್ಕೆಗಳ ನಡುವೆ ಬಲತೊಡೆ ಬರುವ ಹಾಗೆ ಇಟ್ಟುಕೊಳ್ಳಿ. ನೆಕ್ ತಾನಾಗಿ ಮೇಲಕ್ಕೆ ಏಳುತ್ತದೆ, ಎಡಗೈ ಮಣಿಕಟ್ಟು ನೇರವಾಗುತ್ತದೆ. ಅಭ್ಯಾಸವಾದ ಮೇಲೆ ತುಂಬಾ ಹಿತ. ಕೂತಾಗಲೂ ಹೆಗಲಿನ ಪಟ್ಟಿ, ಅಂದರೆ ಸ್ಟ್ರಾಪ್, ಹಾಕಿಕೊಂಡೇ ಇರಿ.

ಚೀಲದ ವಿಷಯದಲ್ಲಿ ಮಾತ್ರ ನನ್ನ ತಪ್ಪು ಮಾಡಬೇಡಿ. ನಾನು ಹಳೇ ವಿ ಒಂದನ್ನು ಕೊಂಡಾಗ ಅಂಗಡಿಯವರು ಸಾಧಾರಣ ಚೀಲವೇ ಸಾಕು ಅಂದರು, ನಾನೂ ನಂಬಿದೆ. ರೆಕ್ಕೆಯ ತುದಿ ಹೊರಗೇ ಇತ್ತು. ಊರಿಗೆ ತಲುಪುವಷ್ಟರಲ್ಲಿ ಬಸ್ಸಿನ ಕಂಬಿಗೆ ತಾಗಿ ತುದಿಯ ಮರ ಎದ್ದಿತ್ತು, ಆವತ್ತು ರಾತ್ರಿ ತುಂಬಾ ಬೇಜಾರಾಯಿತು. ಅದೇ ಆಕಾರಕ್ಕೆ ಹೊಲಿದ ಚೀಲವೋ ಗಟ್ಟಿ ಪೆಟ್ಟಿಗೆಯೋ ಸಿಗುತ್ತದಾ ಅಂತ ನೋಡಿ, ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಇಷ್ಟೆಲ್ಲ ಹೇಳಿ ಬೇಡ ಅನ್ನುತ್ತೇನೆ ಅಂದುಕೊಂಡಿರಾ? ಇಲ್ಲ. ಕೊಳ್ಳಿ. ಮೊದಲ ಮೂರು ತಿಂಗಳು ಬೆರಳ ತುದಿ ಉರಿಯುತ್ತದೆ, ಕೆಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್ ಸರಿ ಬರುವುದಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತದೆ. ಆಗ ಗೋಡೆಯಲ್ಲಿ ನೇತಾಡುವ ಗಿಟಾರ್ ನಿಮ್ಮನ್ನು ಕರೆಯಬೇಕು. ಬೇರೆಯವರು ಒಳ್ಳೆಯದು ಅಂದ ಗಿಟಾರ್ ಮೂಲೆಯಲ್ಲಿ ಧೂಳು ಹಿಡಿದದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಪ್ರಶ್ನೆ: ಮಂಜೇಶ್ವರದಲ್ಲಿ ಕಡಲ ಹತ್ತಿರ ನಮ್ಮ ಮನೆ. ತಂತಿ ತಿಂಗಳೊಳಗೆ ತುಕ್ಕು ಹಿಡಿಯುತ್ತದೆ. ಮುಚ್ಚಿಡಲು ಈ ಆಕಾರದ್ದಕ್ಕೆ ಪೆಟ್ಟಿಗೆಯೂ ಇಲ್ಲ.

ಉತ್ತರ: ನುಡಿಸಿದ ಕೂಡಲೇ ಒಣ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಬೆವರು ಮತ್ತು ಉಪ್ಪುಗಾಳಿ ಸೇರಿದರೆ ಉಕ್ಕು ಉಳಿಯುವುದಿಲ್ಲ. ಲೇಪನ ಇರುವ ತಂತಿ ಸಿಗುತ್ತದೆ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ.

ಪ್ರಶ್ನೆ: ಪೆರ್ಲದಲ್ಲಿ ನಾನು ಮರದ ಕೆಲಸ ಮಾಡುವವನು. ಮಗ ನಕ್ಷತ್ರದಂಥ ಗಿಟಾರ್ ಕೇಳುತ್ತಿದ್ದಾನೆ. ಹಲಸಿನ ಮರದಲ್ಲಿ ಬಾಡಿ ಮಾಡಿಕೊಡಬಹುದಾ?

ಉತ್ತರ: ಖಂಡಿತ. ಈ ಪತ್ರ ಓದಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಚೆಂಡೆಗೂ ವೀಣೆಗೂ ಆಗುವ ಮರ ಗಿಟಾರಿಗೂ ಆಗುತ್ತದೆ. ಬೋ ಡಿಡ್ಲಿ ಅಂತ ಒಬ್ಬ ಸಂಗೀತಗಾರರಿದ್ದರು, ಅವರ ಗುರುತೇ ಆಯತಾಕಾರದ ಗಿಟಾರ್. ಮೊದಲು ಅಂಥದ್ದನ್ನು ಕೈಯಾರೆ ಮಾಡಿಕೊಂಡಿದ್ದರು, ಆಮೇಲೆ ಗ್ರೆಚ್ ಕಂಪನಿಯವರು ಮಾಡಿಕೊಟ್ಟರು. ಬ್ರಯಾನ್ ಮೇ ಹುಡುಗನಾಗಿದ್ದಾಗ 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಶುರು ಮಾಡಿದರು. ನೆಕ್ಕಿಗೆ ಬಳಸಿದ್ದು ಹಳೇ ಬೆಂಕಿಗೂಡಿನ ಮೇಲಿದ್ದ ಮರದ ತುಂಡು. ಅದನ್ನೇ ಮುಂದೆ ಕ್ವೀನ್ ಬ್ಯಾಂಡಿನಲ್ಲಿ ನುಡಿಸಿದರು.

ಚೆನ್ನಾಗಿ ಒಣಗಿದ ಮರ ತೆಗೆದುಕೊಳ್ಳಿ. ದಪ್ಪ 40ರಿಂದ 45 ಮಿಲಿಮೀಟರ್ ಇರಲಿ. ನೆಕ್ ಮಾತ್ರ ಈ ಸಲ ಸಿದ್ಧವಾದದ್ದನ್ನೇ ಕೊಂಡುಬಿಡಿ, ಫ್ರೆಟ್ಟುಗಳ ಅಂತರ ಕೂದಲೆಳೆ ತಪ್ಪಿದರೂ ಶ್ರುತಿ ಕೂಡುವುದಿಲ್ಲ. ಬಾಡಿಯ ಮೇಲೆ ತಂತಿಯನ್ನು ಹೊರುವ ಬ್ರಿಡ್ಜ್ ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದು ಸುಲಭದ ಲೆಕ್ಕ ಇದೆ. ತಲೆಯ ಕಡೆ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜಿಗೂ ಅಷ್ಟೇ ದೂರ. ದಪ್ಪ ತಂತಿಗೆ ಒಂದೆರಡು ಮಿಲಿಮೀಟರ್ ಹಿಂದೆ ಸರಿಸಬೇಕಾಗುತ್ತದೆ, ಅದಕ್ಕೆ ಬ್ರಿಡ್ಜಿನಲ್ಲೇ ಸ್ಕ್ರೂ ಇರುತ್ತದೆ.

ಈ ಆಕಾರಗಳ ದೊಡ್ಡ ತೊಂದರೆ ತೂಕ. ಬಾಡಿ ಹಗುರವಾಗಿ, ಸ್ಟ್ರಾಪಿನ ಗುಂಡಿ ತಪ್ಪು ಜಾಗದಲ್ಲಿದ್ದರೆ ಕೈಬಿಟ್ಟ ಕೂಡಲೇ ನೆಕ್ ನೆಲದ ಕಡೆ ಬಾಗುತ್ತದೆ. ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋತುಹೋಗುತ್ತದೆ. ಹಲಸು ಕೊಯ್ಯುವ ಮೊದಲು ಪ್ಲೈವುಡ್ ತುಂಡುಗಳನ್ನು ಅಂಟಿಸಿ ಅಷ್ಟೇ ದಪ್ಪದ, ಅದೇ ಆಕಾರದ ಒಂದು ಮಾದರಿ ಮಾಡಿ. ನೆಕ್ ಜೋಡಿಸಿ ಮಗನ ಹೆಗಲಿಗೆ ಹಾಕಿ, ಎರಡೂ ಕೈ ಬಿಡಲು ಹೇಳಿ. ನೆಕ್ ಕೆಳಗೆ ಹೋದರೆ ಗುಂಡಿಯನ್ನು ಮುಂದಕ್ಕೆ ತನ್ನಿ ಅಥವಾ ಹಿಂದಿನ ಮೂಲೆಗಳನ್ನು ಸ್ವಲ್ಪ ದೊಡ್ಡದು ಮಾಡಿ. ಅದು ನೆಟ್ಟಗೆ ನಿಂತ ಮೇಲೆಯೇ ಒಳ್ಳೆ ಮರಕ್ಕೆ ಗರಗಸ ಇಡಿ.