12 ತಾಸಿನ ಶಿಫ್ಟಿಗೆ 80 ಪಿಪಿಎಂ ಟೊಲ್ವೀನ್ ನಡೀತೈತೇನು?

ಹುಬ್ಬಳ್ಳಿ ಗೋಕುಲ ರೋಡಿನ ನಿಮ್ಮ ಪೇಂಟ್ ಬೂತಿನಾಗ ಮೀಟರ್ 80 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಾಗ 80 ಪಾಲು) ಟೊಲ್ವೀನ್, ಅಂದ್ರ ಥಿನ್ನರಿನಾಗಿನ ದ್ರಾವಕದ ಆವಿ, ತೋರಿಸ್ತು, ಮಿತಿ 100 ಐತಿ, ಹಂಗಾರ ಚಿಂತಿ ಇಲ್ಲಲ್ಲ ಅಂತ ಕೇಳೀರಿ. ಚಿಂತಿ ಐತ್ರೀ. ಶಿಫ್ಟ್ 12 ತಾಸಿಂದು ಅಂತ ನೀವೇ ಬರದೀರಲ್ಲ.

ಆ 100 ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯೊಳಗಿದ್ದ ಅಂಕಿ, ಭೋಪಾಲ ದುರಂತ ಆದಮ್ಯಾಲೆ 1987ರ ತಿದ್ದುಪಡಿಯೊಳಗ ಬಂದದ್ದು. ಅದು 8 ತಾಸಿನ ಸರಾಸರಿ. ಉಳಿದ 16 ತಾಸಿನಾಗ ಮೈ ಅದನ್ನ ಹೊರಗ ಹಾಕ್ತೈತಿ ಅನ್ನೂದು ಅದರ ಹಿಂದಿನ ಲೆಕ್ಕ. 12 ತಾಸು ದುಡಿದ್ರ ಒಳಗ ಸೇರೂದು ಹೆಚ್ಚು, ಹೊರಗ ಹೋಗಾಕ ವ್ಯಾಳ್ಯಾ ಕಡಿಮಿ. ಉದ್ದ ಶಿಫ್ಟಿಗೆ ಮಿತಿ ಇಳಸಾಕ ಬ್ರೀಫ್-ಸ್ಕಾಲಾ ಅನ್ನೂ ಸೂತ್ರ ಐತಿ: ದುಡಿಯೂ ತಾಸಿನ ಪಾಲು 8/12ನ್ನ ಬಿಡುವಿನ ತಾಸಿನ ಪಾಲು 12/16ರಿಂದ ಗುಣಿಸ್ರಿ, 0.5 ಬರ್ತೈತಿ. ಅಂದ್ರ ನಿಮ್ಮ ಮಿತಿ 50.

ಅದೂ ಹಳೇ ಅಂಕಿ ಹಿಡಿದ್ರ. ಅಮೆರಿಕದಾಗ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್‌ನವರು ದೃಷ್ಟಿದೋಷ, ಗರ್ಭಪಾತದ ಪುರಾವೆ ನೋಡಿ 2007ರಾಗ 20ಕ್ಕ ಇಳಿಸಿದ್ರು. ಅದೇ ದೇಶದ ಸರ್ಕಾರಿ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಮಾತ್ರ 200 ಬಿಟ್ಟು ಕದಲಿಲ್ಲ! ಕಾನೂನಿನ ಅಂಕಿ ಯಾವಾಗ್ಲೂ ವಿಜ್ಞಾನದ ಹಿಂದ ಕುಂಟಕೋತ ಬರ್ತೈತಿ, ನಾನಂತೂ 20ನ್ನೇ ನಂಬತೀನಿ.

ಇನ್ನೊಂದು, ಮೀಟರ್ ಗ್ವಾಡಿಗೆ ತೂಗಹಾಕಿದ್ರೋ, ಪೇಂಟರನ ಕಾಲರಿಗೋ? ಮೂಗಿನ ಸನೇಕ ಅಳದದ್ದಷ್ಟ ಲೆಕ್ಕಕ್ಕ. ಥಿನ್ನರಿನಾಗ ಝೈಲೀನ್ ಅನ್ನೂ ಇಂಥಾದ್ದೇ ಇನ್ನೊಂದು ದ್ರಾವಕ ಇದ್ರ ಅದರ ಪಾಲೂ ಕೂಡಿಸಬೇಕು.

ಥಿನ್ನರಿಲೆ ಕೈ ತೊಳಕೊಳ್ಳೂದು ಬಿಡಿಸ್ರಿ, ಚರ್ಮದಾಗಿಂದೂ ಒಳಗ ಇಳೀತೈತಿ. ಬಟ್ಟಿ ಮಾಸ್ಕ್ ಆವಿ ತಡಿಯಂಗಿಲ್ಲ, ಕಾರ್ಬನ್ ಕಾರ್ಟ್ರಿಡ್ಜಿಂದು ಬೇಕು. ಅದಕ್ಕೂ ಮೊದ್ಲ ಎಕ್ಸಾಸ್ಟ್ ಸರಿ ಮಾಡಸ್ರಿ.