ಬದಿಯಡ್ಕದ ಮಕ್ಕಳಿಗೆ ಕನ್ನಡ ಓದಲು ಬರುತ್ತಾ ಅಂತ ಕೇಳಿದ್ದಕ್ಕೆ

ನಾನು ಪಾಠ ಮಾಡುವ ಬದಿಯಡ್ಕದ ಶಾಲೆಯ ಮಕ್ಕಳಿಗೆ ಕನ್ನಡ ಓದಲು ಬರುತ್ತಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಬರುತ್ತದೆ ಮಾರಾಯ. ನಿನ್ನ ಅಪಾರ್ಟ್‌ಮೆಂಟಿನ ಮಕ್ಕಳಿಗಿಂತ ಚೆನ್ನಾಗಿಯೇ ಬರುತ್ತದೆ. 1956ರ ನವೆಂಬರ್ 1ಕ್ಕೆ ನಿಮಗೆ ರಾಜ್ಯ ಸಿಕ್ಕಿತು, ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗದ ವರದಿ ಹೇಳಿತು. ಆಮೇಲೇನೂ ಆಗಲಿಲ್ಲ. ಕನ್ನಡ ಶಾಲೆಗಳು ಮಾತ್ರ ನಡೆಯುತ್ತಲೇ ಇವೆ. ಪಠ್ಯ ಕೇರಳದ್ದು, ಭಾಷೆ ನಮ್ಮದು.

ನನಗೆ ತಲೆನೋವು ಓದಿಸುವುದಲ್ಲ. ಮೂರನೇ ಕ್ಲಾಸಿನ ಹುಡುಗ ಒಂದು ಪುಟ ಗಡಗಡ ಓದುತ್ತಾನೆ. "ಕಥೆಯಲ್ಲಿ ಏನಾಯ್ತು?" ಅಂದರೆ ತಲೆ ಮೇಲಿನ ಮಾಡು ನೋಡುತ್ತಾನೆ. ಅದನ್ನೇ ತುಳುವಿನಲ್ಲಿ ಕೇಳಿದರೆ ಅವನ ಬಾಯಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತವಳ ಮನೆಯಲ್ಲಿ ಬ್ಯಾರಿ ಭಾಷೆ, ಹಿಂದಿನವನದು ಮಲಯಾಳಂ, ಮೂಲೆಯವಳದು ಹವ್ಯಕ ಕನ್ನಡ. ಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲ. ಹಾಗಾಗಿ ನಾನು ತುಳುವಿನಲ್ಲೋ ಮಲಯಾಳದಲ್ಲೋ ಕೇಳುತ್ತೇನೆ. ಅವರು ತಮಗೆ ಬಂದ ಹಾಗೆ ಹೇಳುತ್ತಾರೆ. ಅದನ್ನು ಕನ್ನಡದಲ್ಲಿ ಬೋರ್ಡಿಗೆ ಬರೆಯುತ್ತೇನೆ, ಅವರೇ ಓದುತ್ತಾರೆ. ತಾವೇ ಹೇಳಿದ ಮಾತಲ್ವಾ, ಅರ್ಥ ಕೇಳುವ ಕೆಲಸವೇ ಇಲ್ಲ.

ಇನ್ನೊಂದು ಉಪಾಯ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ. ಅದರಲ್ಲಿ ಅರ್ಥ ಹೇಳುವುದನ್ನು, ಅಂದರೆ ಪಾತ್ರವಾಗಿ ವಾದ ಮಾಡುವುದನ್ನು, ಮಕ್ಕಳು ದೇವಸ್ಥಾನದ ಜಗಲಿಯಲ್ಲೇ ಕೇಳಿರುತ್ತಾರೆ. ಕಾಗೆ–ನರಿ ಕಥೆ ಕೊಟ್ಟು ಇಬ್ಬರನ್ನು ಎದುರುಬದುರು ಕೂರಿಸಿದೆ. ನರಿಯಾದವನು, "ನಾನು ಕದ್ದದ್ದಲ್ಲ, ಬಿದ್ದದ್ದನ್ನು ಹೆಕ್ಕಿದ್ದು" ಅಂದ. ಕಾಗೆಯಾದವಳಿಗೆ ಸಿಟ್ಟು ಬಂತು. ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟು, "ಹಾಡು ಅಂತ ಹೇಳಿದ್ದು ಯಾರು? ಇಲ್ಲಿ ಓದು!" ಅಂದಳು. ಓದು ಓದು ಅಂತ ನಾನು ಎಷ್ಟು ಗಂಟಲು ಹರಿದುಕೊಂಡರೂ ಹಾಗೆ ಯಾರೂ ಪುಸ್ತಕ ಬಿಡಿಸಿದ್ದಿಲ್ಲ.

ಇಷ್ಟಕ್ಕೂ ನೆಮ್ಮದಿ ಇಲ್ಲ. "ಕನ್ನಡ ಶಾಲೆಗೆ ಕಳಿಸಿದ್ದು ತುಳು ಮಾತಾಡ್ಲಿಕ್ಕಾ?" ಅಂತ ಒಬ್ಬ ಅಪ್ಪ ಜಗಳಕ್ಕೆ ಬಂದರು. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ ಒಳ್ಳೆಯದಿತ್ತು ಅಂತ ಇನ್ನೊಬ್ಬರು. ಕನ್ನಡವೇ ಗೊತ್ತಿಲ್ಲದ ಟೀಚರನ್ನು ಕನ್ನಡ ಮಕ್ಕಳಿಗೆ ಗಣಿತ ಹೇಳಿಕೊಡಲು ಹಾಕಿದಾಗ ಮಾತ್ರ ಎಲ್ಲರೂ ಒಟ್ಟಾಗುತ್ತೇವೆ, ಗೇಟಿನ ಹತ್ತಿರ ಘೋಷಣೆ ಕೂಗಲು. ಇದರ ಮಧ್ಯೆ ನೀನು ಫೋನ್ ಮಾಡಿ "ನಿಮ್ದು ಮಿಕ್ಸ್ ಕನ್ನಡ" ಅಂತೀಯ. ಗೋವಿಂದ ಪೈಗಳು ಇದೇ ಮಂಜೇಶ್ವರದಲ್ಲಿ ಕೂತು ಬರೆದವರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲೇ ಪೆರಡಾಲದಲ್ಲಿ ಮೇಷ್ಟ್ರಾಗಿದ್ದವರು. ನಾವು ನೆಂಟರ ಮನೆಯಲ್ಲಿ ಇದ್ದೇವೆ ಅನ್ನೋ ಹಾಗೆ ಮಾತಾಡಬೇಡ.

ಸಹಾಯ ಮಾಡಬೇಕು ಅಂತಿದ್ದರೆ ಕೇಳು. ಗ್ರಂಥಾಲಯ ಕಟ್ಟಿ ಬೆಳೆಸಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19 ಕೇರಳದಲ್ಲಿ ವಾಚನ ದಿನ. ಒಳ್ಳೆಯ ಪದ್ಧತಿ, ನಾವೂ ಮಾಡುತ್ತೇವೆ. ಆದರೆ ನಮ್ಮ ಕಪಾಟಿನಲ್ಲಿ ಚಿತ್ರ ಇರುವ ಕಥೆ ಪುಸ್ತಕ ಅಂದರೆ ಜಾಸ್ತಿ ಮಲಯಾಳದ್ದೇ. ಕನ್ನಡದ್ದು ಬೇಕಾದರೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಬೇಕು, ದುಡ್ಡು ನನ್ನದೇ. ಮೇ ತಿಂಗಳಲ್ಲಿ ಊರಿಗೆ ಬರ್ತೀಯಲ್ಲ, ಒಂದು ಚೀಲ ತಾ. ದಪ್ಪ ಅಕ್ಷರ, ಪುಟಕ್ಕೆ ಎರಡು ಮೂರು ಸಾಲು ಸಾಕು. ನಿನ್ನ ಮನೆಯಲ್ಲಿ ಧೂಳು ಹಿಡಿದಿರುವ ಸಮಗ್ರ ಸಂಪುಟಗಳು ಮಾತ್ರ ಬೇಡ.